ಹುಳುಕಡ್ಡಿಯ ಶಿಲೀಂಧ್ರ ಪೆನಿಸಿಲಿನ್ ಮಾಡುತ್ತಿದೆಯೇ? ಪ್ರಯೋಗಾಲಯದಲ್ಲಿ ಪತ್ತೆಹಚ್ಚುವ ಬಗೆ

ಪೆನಿಸಿಲಿನ್ ಅಂದ ಕೂಡಲೇ ಬ್ರೆಡ್ಡಿನ ಮೇಲೆ ಹಬ್ಬುವ ಹಸಿರು ಬೂಷ್ಟು ನೆನಪಾಗುತ್ತದೆ. ಆದರೆ ಮನುಷ್ಯರ ಚರ್ಮದಲ್ಲಿ ಹುಳುಕಡ್ಡಿ, ಗಜಕರ್ಣ ಎಬ್ಬಿಸುವ ಶಿಲೀಂಧ್ರಗಳಲ್ಲೂ ಕೆಲವು ತಳಿಗಳು ಅದೇ ಪೆನಿಸಿಲಿನ್ ಅನ್ನು ತಯಾರಿಸುತ್ತವೆ. ಪೆಕ್ ಮತ್ತು ಹ್ಯೂಯಿಟ್ 1945ರಲ್ಲೇ ಇಂಥ ಶಿಲೀಂಧ್ರಗಳಿಂದ ಪೆನಿಸಿಲಿನ್ನನ್ನು ಹೋಲುವ ವಸ್ತು ಬರುತ್ತದೆ ಎಂದು ಪ್ರಕಟಿಸಿದ್ದರು. 1963ರಲ್ಲಿ ಟ್ರೈಕೋಫೈಟಾನ್ ಮೆಂಟಗ್ರೊಫೈಟಿಸ್‌ನಿಂದ ಬೆಂಜೈಲ್‌ಪೆನಿಸಿಲಿನ್ (ಪೆನಿಸಿಲಿನ್ ಜಿ) ಅನ್ನೂ ಅದರ ತಿರುಳಾದ 6-ಅಮೈನೊಪೆನಿಸಿಲಾನಿಕ್ ಆಮ್ಲವನ್ನೂ ಬೇರ್ಪಡಿಸಿ ತೋರಿಸಲಾಯಿತು. 2022ರಲ್ಲಿ ಯುರೋಪಿನ ಮುಳ್ಳುಹಂದಿಗಳ (ಹೆಡ್ಜ್‌ಹಾಗ್) ಅಧ್ಯಯನ ಈ ಹಳೆಯ ವಿಷಯಕ್ಕೆ ಹೊಸ ತೂಕ ಕೊಟ್ಟಿತು. ಆ ಪ್ರಾಣಿಯ ಚರ್ಮದಲ್ಲಿರುವ ಟ್ರೈಕೋಫೈಟಾನ್ ಎರಿನೇಸಿಯೈ ಬೀಟಾ-ಲ್ಯಾಕ್ಟಮ್ (ಪೆನಿಸಿಲಿನ್ ಕುಟುಂಬದ) ಆಂಟಿಬಯಾಟಿಕ್ ಸ್ರವಿಸುತ್ತದೆ. ಅದರ ಒತ್ತಡದಲ್ಲಿ ಮೆಥಿಸಿಲಿನ್‌ಗೆ ಬಗ್ಗದ ಸ್ಟ್ಯಾಫಿಲೊಕಾಕಸ್ ಆರಿಯಸ್ ತಳಿಗಳು ಆಸ್ಪತ್ರೆಗೆ ಆಂಟಿಬಯಾಟಿಕ್ ಕಾಲಿಡುವುದಕ್ಕೆ ನೂರು ವರ್ಷಕ್ಕೂ ಮೊದಲೇ ಹುಟ್ಟಿದ್ದವು.

ನಮ್ಮಲ್ಲಿ ಈಗ ಹುಳುಕಡ್ಡಿ ತಿಂಗಳುಗಟ್ಟಲೆ ಬಿಡದೆ ಕಾಡುತ್ತಿದೆ. ಹೀಗಾಗಿ ಚರ್ಮದ ಸಿಪ್ಪೆಯಿಂದ ಬೆಳೆಸಿದ ಶಿಲೀಂಧ್ರಗಳು ವೈದ್ಯಕೀಯ ಕಾಲೇಜುಗಳ ಮೈಕ್ರೊಬಯಾಲಜಿ ವಿಭಾಗಗಳಲ್ಲಿ ರಾಶಿ ಬಿದ್ದಿವೆ. ಅವುಗಳಲ್ಲಿ ಯಾವುದು ಆಂಟಿಬಯಾಟಿಕ್ ಮಾಡುತ್ತದೆ ಎಂದು ನೋಡುವುದು ಎಂಎಸ್ಸಿ, ಎಂಡಿ ವಿದ್ಯಾರ್ಥಿಗಳ ಕೈಗೆಟುಕುವ ಕೆಲಸ. ಪ್ಲೇಟಿನ ಮೇಲೆ ಬ್ಯಾಕ್ಟೀರಿಯಾ ಬೆಳೆಯದ ಉಂಗುರ ಸಿಗುವುದು ಸುಲಭ. ಆ ಉಂಗುರ ನಿಜಕ್ಕೂ ಪೆನಿಸಿಲಿನ್‌ನದು ಎಂದು ಸಾಧಿಸುವುದೇ ಕಷ್ಟ. ಕೆಳಗಿನ ವಿಧಾನದಲ್ಲಿ ಅರ್ಧಕ್ಕಿಂತ ಹೆಚ್ಚು ಶ್ರಮ ಸುಳ್ಳು ಉಂಗುರಗಳನ್ನು ತೆಗೆದುಹಾಕುವುದಕ್ಕೇ ಹೋಗುತ್ತದೆ. ಹಾಗೇ ಹೋಗಬೇಕು ಕೂಡ.

ಮೊದಲು ಎಚ್ಚರಿಕೆ

ಈ ಶಿಲೀಂಧ್ರಗಳೂ ಸ್ಟ್ಯಾಫಿಲೊಕಾಕಸ್ ಕೂಡ ಎರಡನೇ ಅಪಾಯ ಗುಂಪಿಗೆ ಸೇರಿದವು. ಪುಡಿಪುಡಿಯಾಗಿ ಬೆಳೆಯುವ ಟ್ರೈಕೋಫೈಟಾನ್ ಕಾಲನಿಯ ಮುಚ್ಚಳ ತೆಗೆದರೆ ಸಾಕು, ಕಣ್ಣಿಗೆ ಕಾಣದ ಕೊನಿಡಿಯಾ (ಬೀಜಕಣಗಳು) ಗಾಳಿಗೆ ಏಳುತ್ತವೆ. ಆದ್ದರಿಂದ ಕಾಲನಿ ಮುಟ್ಟುವ ಎಲ್ಲ ಕೆಲಸವೂ ಎರಡನೇ ದರ್ಜೆಯ ಬಯೋಸೇಫ್ಟಿ ಕ್ಯಾಬಿನೆಟ್ಟಿನೊಳಗೆ ನಡೆಯಬೇಕು. ಫ್ಯಾನು ಹಾಕಿದ ಬೆಂಚು ಸಲ್ಲದು. ಗಾಳಿಯನ್ನು ಕೆಲಸಗಾರರ ಮುಖದತ್ತ ಊದುವ ಲ್ಯಾಮಿನಾರ್ ಹುಡ್ ಅಂತೂ ಬೇಡವೇ ಬೇಡ. ಪೆನಿಸಿಲಿನ್ ಅಲರ್ಜಿ ಇರುವವರು ಹೋಲಿಕೆಗೆ ಬಳಸುವ ಶುದ್ಧ ಪೆನಿಸಿಲಿನ್ ಪುಡಿಯನ್ನು ತೂಗುವ, ಕರಗಿಸುವ ಕೆಲಸಕ್ಕೆ ಕೈ ಹಾಕಬಾರದು. ಮನೆಯಲ್ಲಿ ಮಾಡಿ ನೋಡುವ ಪ್ರಯೋಗ ಇದಲ್ಲ.

ಕಲ್ಚರ್ ಶುದ್ಧವಾಗಿರಲಿ, ಔಷಧದ ಶೇಷವೂ ಇರದಿರಲಿ

ಬಹುಪಾಲು ಸುಳ್ಳು ಫಲಿತಾಂಶಗಳು ಇಲ್ಲೇ ಹುಟ್ಟುತ್ತವೆ. ಚರ್ಮದ ಸಿಪ್ಪೆಯನ್ನು ಮೊದಲು ಹಾಕುವ, ಶಿಲೀಂಧ್ರ ಬೆಳೆಸುವ ಮಾಧ್ಯಮವಾದ ಸಬೊರಾಡ್ ಅಗರ್‌ಗೆ ಲೀಟರಿಗೆ 0.05 ಗ್ರಾಂ ಕ್ಲೋರಾಮ್‌ಫೆನಿಕಾಲ್, 0.5 ಗ್ರಾಂ ಸೈಕ್ಲೊಹೆಕ್ಸಿಮೈಡ್ ಸೇರಿಸುವುದು ವಾಡಿಕೆ. ಆ ಪ್ಲೇಟಿನಿಂದಲೇ ಅಗರ್ ತುಂಡು ಕತ್ತರಿಸಿ ಬ್ಯಾಕ್ಟೀರಿಯಾದ ಮೇಲಿಟ್ಟರೆ ಚೆಂದದ ಉಂಗುರ ಬರುತ್ತದೆ. ಅದು ಶಿಲೀಂಧ್ರದ್ದಲ್ಲ, ಕ್ಲೋರಾಮ್‌ಫೆನಿಕಾಲ್‌ನದು. ಡರ್ಮಟೊಫೈಟ್ (ಹುಳುಕಡ್ಡಿ ಗುಂಪಿನ ಶಿಲೀಂಧ್ರ) ಟೆಸ್ಟ್ ಮೀಡಿಯಂ ಇನ್ನೂ ಮೋಸದ್ದು, ಅದರಲ್ಲಿ ಜೆಂಟಮೈಸಿನ್ ಮತ್ತು ಕ್ಲೋರ್‌ಟೆಟ್ರಾಸೈಕ್ಲಿನ್ ಎರಡೂ ಇರುತ್ತವೆ.

ಆದ್ದರಿಂದ ಪ್ರತಿ ತಳಿಯನ್ನೂ ಯಾವ ಔಷಧವೂ ಇಲ್ಲದ ಸಾದಾ ಅಗರ್ ಮೇಲೆ ಕನಿಷ್ಠ ಮೂರು ಸಲ ಮರುಬೆಳೆಸಿ. ಪ್ರತಿ ಸಲವೂ ಹಳೆಯ ಅಗರ್ ಸಮೇತ ತುಂಡೆತ್ತಬೇಡಿ. ಕಾಲನಿಯ ಅಂಚಿನ ಎಳೆಗಳನ್ನಷ್ಟೇ ಸೂಜಿಯಿಂದ ಮುಟ್ಟಿ ಸಾಗಿಸಿ.

ಔಷಧ ತೆಗೆದ ಕೂಡಲೇ ಎರಡನೇ ತೊಂದರೆ ತಲೆ ಎತ್ತುತ್ತದೆ. ಇಷ್ಟು ದಿನ ಅದುಮಿಟ್ಟಿದ್ದ ಸಹವಾಸಿಗಳು ಹೊರಬರುತ್ತವೆ. ಕಾಲನಿಯ ಅಡಿಯಲ್ಲಿ ಬ್ಯಾಸಿಲಸ್ ಅಡಗಿರಬಹುದು, ಗಾಳಿಯಿಂದ ಬಿದ್ದ ಪೆನಿಸಿಲಿಯಂ ಇರಬಹುದು. ಇವೆರಡೂ ತಾವೇ ಆಂಟಿಬಯಾಟಿಕ್ ಮಾಡಬಲ್ಲವು. ಹುಳುಕಡ್ಡಿಯ ಶಿಲೀಂಧ್ರದ್ದೆಂದು ನಂಬಿದ ಪೆನಿಸಿಲಿನ್ ಪಕ್ಕದಲ್ಲಿದ್ದ ಪೆನಿಸಿಲಿಯಂನದಾಗಿದ್ದರೆ ಇಡೀ ವರ್ಷದ ದುಡಿಮೆ ನೀರುಪಾಲು. ಕಾಲನಿಯ ಮೂರು ಕಡೆಯಿಂದ ಸ್ವಲ್ಪ ಸ್ವಲ್ಪ ಎತ್ತಿ ನ್ಯೂಟ್ರಿಯೆಂಟ್ ಅಗರ್ ಮೇಲೆ ಗೀಚಿ 37 ಡಿಗ್ರಿಯಲ್ಲಿ 48 ಗಂಟೆ ಇಡಿ, ನುಣುಪಾದ ಬ್ಯಾಕ್ಟೀರಿಯಾ ಕಾಲನಿ ಬಂದರೆ ಆ ಕಲ್ಚರ್ ಬಿಡಿ. ಶಿಲೀಂಧ್ರದ ಕೊನಿಡಿಯಾವನ್ನು 0.05 ಪ್ರತಿಶತ ಟ್ವೀನ್-80 ಬೆರೆಸಿದ ಸಲೈನಿನಲ್ಲಿ ತೇಲಿಸಿ, ತೆಳ್ಳಗೆ ಮಾಡಿ ಹರಡಿ, ಒಂದೇ ಕಾಲನಿಯಿಂದ ಹೊಸ ಕಲ್ಚರ್ ಎಬ್ಬಿಸಿ. ಲ್ಯಾಕ್ಟೊಫಿನಾಲ್ ಕಾಟನ್ ಬ್ಲೂ ಸ್ಲೈಡು ಕಡ್ಡಾಯ. ಪೆನಿಸಿಲಿಯಂನ ಗುರುತಾದ, ಬ್ರಶ್ಶಿನಂತೆ ಕವಲೊಡೆದ ಕೊನಿಡಿಯೊಫೋರ್ (ಕೊನಿಡಿಯಾ ಹೊರುವ ಕಾಂಡ) ಒಂದೇ ಒಂದು ಕಂಡರೂ ಮತ್ತೆ ಮೊದಲಿನಿಂದ ಶುದ್ಧೀಕರಿಸಬೇಕು.

ಜಾತಿ ಗುರುತಿಸಲು ಕಣ್ಣಿನ ಅಂದಾಜು ಸಾಲದು. ಭಾರತದ ಹುಳುಕಡ್ಡಿಯಲ್ಲಿ ಈಗ ಮುಂಚೂಣಿಯಲ್ಲಿರುವ ಟ್ರೈಕೋಫೈಟಾನ್ ಇಂಡೊಟಿನಿಯೆ ಅನ್ನು 2020ರಲ್ಲಷ್ಟೇ ಬೇರೆ ಜಾತಿ ಎಂದು ಹೆಸರಿಸಲಾಯಿತು. ಸೂಕ್ಷ್ಮದರ್ಶಕದಲ್ಲಿ ಅದನ್ನು ಮೆಂಟಗ್ರೊಫೈಟಿಸ್‌ನಿಂದ ಬೇರ್ಪಡಿಸಲಾಗದು, ಜಾತಿ ಗುರುತಿಸಲು ಬಳಸುವ ಐಟಿಎಸ್ ಎಂಬ ಭಾಗದ ಡಿಎನ್‌ಎ ಓದಿಸಲೇಬೇಕು. ಹಳೆಯ ಲೇಖನಗಳಲ್ಲಿ ‘ಮೆಂಟಗ್ರೊಫೈಟಿಸ್’ ಎಂದು ಬರೆದದ್ದೆಲ್ಲ ಇಂದಿನ ಅರ್ಥದ ಮೆಂಟಗ್ರೊಫೈಟಿಸ್ ಅಲ್ಲ ಎನ್ನುವುದನ್ನೂ ನೆನಪಿಡಿ. ಹೋಲಿಕೆಗೆ ಬೇಕಾದ ಗುರುತಿತ ತಳಿಗಳನ್ನು ಚಂಡೀಗಢದ ವೈದ್ಯಕೀಯ ಸಂಸ್ಥೆ ಪಿಜಿಐಎಂಇಆರ್‌ನಲ್ಲಿರುವ ರೋಗಕಾರಕ ಶಿಲೀಂಧ್ರಗಳ ರಾಷ್ಟ್ರೀಯ ಸಂಗ್ರಹದಲ್ಲಿ ಕೇಳಬಹುದು.

ಮಾಧ್ಯಮ: ಸಕ್ಕರೆ ಕಡಿಮೆ, ಪಿಎಚ್ ಮೇಲೆ ಕಣ್ಣು

ಸಾದಾ ಸಬೊರಾಡ್‌ನಲ್ಲಿ ಲೀಟರಿಗೆ 40 ಗ್ರಾಂ ಗ್ಲೂಕೋಸ್ ಇದ್ದು ಪಿಎಚ್ 5.6 ಇರುತ್ತದೆ. ಶಿಲೀಂಧ್ರ ಬೆಳೆಯಲು ಒಳ್ಳೆಯದು, ನಮ್ಮ ಪರೀಕ್ಷೆಗೆ ಒಳ್ಳೆಯದಲ್ಲ. ಗ್ಲೂಕೋಸ್ ಹೇರಳವಾಗಿದ್ದರೆ ಪೆನಿಸಿಲಿನ್ ತಯಾರಿ ತಗ್ಗುತ್ತದೆ ಎಂಬುದು ಪೆನಿಸಿಲಿಯಂ ಮತ್ತು ಆಸ್ಪರ್ಜಿಲಸ್ ನಿಡ್ಯುಲನ್ಸ್‌ಗಳಲ್ಲಿ ಚೆನ್ನಾಗಿ ತಿಳಿದ ಸಂಗತಿ. ಜೊತೆಗೆ ಹುಳಿ ಅಗರ್ ಸೂಚಕ ಬ್ಯಾಕ್ಟೀರಿಯಾವನ್ನೇ ಕುಗ್ಗಿಸಬಲ್ಲದು. ಎಮ್ಮನ್ಸ್ ಮಾರ್ಪಾಡಿನ ಸಬೊರಾಡ್ ಬಳಸಿ: ಪೆಪ್ಟೋನ್ 10 ಗ್ರಾಂ, ಗ್ಲೂಕೋಸ್ 20 ಗ್ರಾಂ, ಅಗರ್ 15ರಿಂದ 17 ಗ್ರಾಂ, ನೀರು 1 ಲೀಟರ್, ಪಿಎಚ್ 6.9. ಗ್ಲೂಕೋಸ್ ಅನ್ನು 10 ಗ್ರಾಂಗೆ ಇಳಿಸಿದ ಇನ್ನೊಂದು ಸಾಲು ಪ್ಲೇಟುಗಳನ್ನೂ ಜೊತೆಗಿಟ್ಟರೆ ಉತ್ತಮ. 121 ಡಿಗ್ರಿಯಲ್ಲಿ 15 ನಿಮಿಷ ಆಟೋಕ್ಲೇವ್ ಮಾಡಿ, 90 ಮಿ.ಮೀ. ಪ್ಲೇಟಿಗೆ ಅಳೆದು 25 ಮಿ.ಲೀ. ಸುರಿಯಿರಿ. ಆಗ ಅಗರ್ ದಪ್ಪ ಸುಮಾರು 4 ಮಿ.ಮೀ. ಬರುತ್ತದೆ. ಒಂದು ಪ್ಲೇಟು ತೆಳ್ಳಗೆ ಒಂದು ದಪ್ಪಗೆ ಆದರೆ ತುಂಡಿನಲ್ಲಿರುವ ವಸ್ತುವಿನ ಪ್ರಮಾಣವೂ ಬೇರೆಯಾಗುತ್ತದೆ, ಹೋಲಿಕೆ ಕೆಡುತ್ತದೆ.

ಫೀನೈಲ್ ಅಸಿಟಿಕ್ ಆಮ್ಲ ಕೊಟ್ಟರೆ ಪೆನಿಸಿಲಿನ್ ಜಿ ಕಡೆಗೆ ತಯಾರಿ ವಾಲುತ್ತದೆ. ಲೀಟರಿಗೆ 0.5 ಗ್ರಾಂ ತೂಗಿ, ಸ್ವಲ್ಪ ನೀರಿನಲ್ಲಿ ಸೋಡಿಯಂ ಹೈಡ್ರಾಕ್ಸೈಡ್‌ನಿಂದ ತಟಸ್ಥಗೊಳಿಸಿ ಕರಗಿಸಿ ಆಮೇಲೆ ಬೆರೆಸಿ. ನೇರ ಸುರಿದರೆ ಪಿಎಚ್ ಕುಸಿಯುತ್ತದೆ, ಹುಳಿಯಲ್ಲಿ ಅದು ಶಿಲೀಂಧ್ರಕ್ಕೇ ವಿಷ. ಫೀನೈಲ್ ಅಸಿಟಿಕ್ ಆಮ್ಲ ತಾನೇ ಬ್ಯಾಕ್ಟೀರಿಯಾವನ್ನು ತಡೆಯಬಲ್ಲದು. ಹಾಗಾಗಿ ಅದನ್ನು ಬೆರೆಸಿದ, ಆದರೆ ಶಿಲೀಂಧ್ರ ಹಾಕದ ಪ್ಲೇಟು ಪ್ರತಿ ಬ್ಯಾಚಿನಲ್ಲೂ ಇರಲೇಬೇಕು.

ಇನ್ನು ಪಿಎಚ್. ಈ ಗುಂಪಿನ ಶಿಲೀಂಧ್ರಗಳು ಪ್ರೊಟೀನನ್ನು ಒಡೆದು ಅಮೋನಿಯಾ ಬಿಡುತ್ತವೆ, ಮಾಧ್ಯಮ ದಿನದಿಂದ ದಿನಕ್ಕೆ ಕ್ಷಾರವಾಗುತ್ತದೆ. ಡರ್ಮಟೊಫೈಟ್ ಟೆಸ್ಟ್ ಮೀಡಿಯಂ ಹಳದಿಯಿಂದ ಕೆಂಪಿಗೆ ತಿರುಗುವುದು ಇದರಿಂದಲೇ. ಪೆನಿಸಿಲಿನ್ ಜಿ ಗಟ್ಟಿಯಾಗಿ ಉಳಿಯುವುದು ಪಿಎಚ್ 6ರಿಂದ 7ರ ನಡುವೆ. 8 ದಾಟಿದ ಮೇಲೆ ಅದರ ಅಣುವಿನಲ್ಲಿರುವ ಬೀಟಾ-ಲ್ಯಾಕ್ಟಮ್ ಉಂಗುರ ಬೇಗ ಬೇಗ ಒಡೆಯುತ್ತದೆ. ಅಂದರೆ ಹತ್ತನೇ ದಿನ ಇದ್ದ ಪೆನಿಸಿಲಿನ್ ಇಪ್ಪತ್ತೊಂದನೇ ದಿನಕ್ಕೆ ಇಲ್ಲವಾಗಿರಬಹುದು. ‘ಈ ತಳಿ ಏನನ್ನೂ ಮಾಡುವುದಿಲ್ಲ’ ಎಂದು ಬರೆಯುವ ಮೊದಲು ಯಾವ ದಿನ ನೋಡಿದಿರಿ, ಆ ದಿನ ಪಿಎಚ್ ಎಷ್ಟಿತ್ತು ಎಂದು ಕೇಳಿಕೊಳ್ಳಬೇಕು.

28 ಡಿಗ್ರಿಯಲ್ಲಿ ಬೆಳೆಸಿ 7, 10, 14 ಮತ್ತು 21ನೇ ದಿನ ಪರೀಕ್ಷಿಸಿ. ಒಂದೇ ಪ್ಲೇಟನ್ನು ಮತ್ತೆ ಮತ್ತೆ ತೆರೆಯಬೇಡಿ. ಪ್ರತಿ ದಿನಕ್ಕೂ ಬೇರೆ ಮೂರು ಪ್ಲೇಟು ಮೀಸಲಿಡಿ. ತುಂಡು ಕತ್ತರಿಸಿದ ಗುಂಡಿಯ ಪಕ್ಕದ ಅಗರ್‌ಗೆ ಪಿಎಚ್ ಕಾಗದ ಒತ್ತಿ ಬಣ್ಣ ಬರೆದಿಡಿ.

ಸೂಚಕ ಬ್ಯಾಕ್ಟೀರಿಯಾ

ಮೂರು ಸಾಕು. ಪೆನಿಸಿಲಿನ್‌ಗೆ ತೀರಾ ಸೂಕ್ಷ್ಮವಾದ ಕೊಕುರಿಯಾ ರೈಜೋಫಿಲಾ ಎಟಿಸಿಸಿ 9341 (ಎಟಿಸಿಸಿ ಅಂದರೆ ಅಮೆರಿಕದ ತಳಿ ಸಂಗ್ರಹದ ಸಂಖ್ಯೆ; ಹಳೆಯ ಪುಸ್ತಕಗಳಲ್ಲಿ ಮೈಕ್ರೊಕಾಕಸ್ ಲೂಟಿಯಸ್). ಬೀಟಾ-ಲ್ಯಾಕ್ಟಮೇಸ್ (ಪೆನಿಸಿಲಿನ್ ಒಡೆಯುವ ಕಿಣ್ವ) ಮಾಡದ ಸ್ಟ್ಯಾಫಿಲೊಕಾಕಸ್ ಆರಿಯಸ್ ಎಟಿಸಿಸಿ 25923. ಮೂರನೆಯದು ಇ. ಕೋಲೈ ಎಟಿಸಿಸಿ 25922, ಪೆನಿಸಿಲಿನ್ ಜಿ ಸಣ್ಣ ಪ್ರಮಾಣದಲ್ಲಿ ಇದನ್ನು ತಡೆಯುವುದಿಲ್ಲ. ಮೊದಲೆರಡರ ಮೇಲೆ ಉಂಗುರ ಬಂದು ಇ. ಕೋಲೈ ಮೇಲೆ ಬರದಿದ್ದರೆ ಕಥೆ ಸರಿಹೊಂದುತ್ತದೆ. ಮೂರರ ಮೇಲೂ ಬಂದರೆ ಉಳಿದ ಕ್ಲೋರಾಮ್‌ಫೆನಿಕಾಲ್, ಅಮೋನಿಯಾ ಅಥವಾ ಇನ್ನಾವುದೋ ವಸ್ತುವನ್ನು ಮೊದಲು ಶಂಕಿಸಿ.

ಸ್ಟ್ಯಾಫಿಲೊಕಾಕಸ್‌ನಲ್ಲಿ ಎಟಿಸಿಸಿ 29213 ಅನ್ನು ಬದಲಿಗೆ ಹಾಕಬೇಡಿ. ಅದು ಸ್ವಲ್ಪ ಬೀಟಾ-ಲ್ಯಾಕ್ಟಮೇಸ್ ಮಾಡುತ್ತದೆ, ಕಡಿಮೆ ಪೆನಿಸಿಲಿನ್ ಇದ್ದರೆ ನುಂಗಿಹಾಕುತ್ತದೆ.

ಅಗರ್ ತುಂಡಿನ ಪರೀಕ್ಷೆ

ಶಿಲೀಂಧ್ರದ ಮೇಲೆಯೇ ಮೆದು ಅಗರ್ ಸುರಿಯುವ ವಿಧಾನವೂ ಇದೆ, ಆದರೆ ಪುಡಿ ಕಾಲನಿಯ ಕೊನಿಡಿಯಾ ತೇಲಿ ಎಲ್ಲೆಡೆ ಹರಡುತ್ತವೆ. ತುಂಡಿನ ವಿಧಾನವೇ ಸ್ವಚ್ಛ.

ಬ್ಯಾಕ್ಟೀರಿಯಾವನ್ನು ಸಲೈನಿನಲ್ಲಿ 0.5 ಮ್ಯಾಕ್‌ಫಾರ್ಲೆಂಡ್ ಮಬ್ಬಿಗೆ (ಬ್ಯಾಕ್ಟೀರಿಯಾದ ಸಾಂದ್ರತೆ ಹೇಳುವ ಪ್ರಮಾಣಿತ ಅಳತೆ) ತನ್ನಿ. 15 ನಿಮಿಷದೊಳಗೆ ಸ್ವಾಬ್‌ನಿಂದ ಮುಲ್ಲರ್-ಹಿಂಟನ್ ಅಗರ್ ಮೇಲೆ ಮೂರು ದಿಕ್ಕಿನಲ್ಲಿ ಬಳಿದು 5 ನಿಮಿಷ ಆರಲು ಬಿಡಿ. ಸ್ಟೆರೈಲ್ ಮಾಡಿದ 6 ಮಿ.ಮೀ. ಕಾರ್ಕ್ ಬೋರರ್‌ನಿಂದ ಶಿಲೀಂಧ್ರದ ಪ್ಲೇಟಿನಲ್ಲಿ ಮೂರು ತುಂಡು ಕತ್ತರಿಸಿ: ಕಾಲನಿಯ ನಡುವಿನಿಂದ ಒಂದು, ನಡು ಮತ್ತು ಅಂಚಿನ ಮಧ್ಯದಿಂದ ಒಂದು, ಅಂಚಿನಿಂದ 3 ಮಿ.ಮೀ. ಹೊರಗಿನ ಬರಿ ಅಗರ್‌ನಿಂದ ಒಂದು. ಕೊನೆಯದು ಮುಖ್ಯ. ಅದರಲ್ಲಿ ಶಿಲೀಂಧ್ರವಿಲ್ಲ. ಅಲ್ಲೂ ಉಂಗುರ ಬಂದರೆ ವಸ್ತು ಅಗರ್‌ಗೆ ಹರಿದು ಬಂದಿದೆ ಎಂದು ಗೊತ್ತಾಗುತ್ತದೆ, ಆಹಾರಕ್ಕಾಗಿ ನಡೆದ ಪೈಪೋಟಿಯಿಂದ ಬ್ಯಾಕ್ಟೀರಿಯಾ ಬೆಳೆಯಲಿಲ್ಲ ಎಂಬ ವಾದಕ್ಕೆ ಎಡೆಯಿರುವುದಿಲ್ಲ.

ತುಂಡುಗಳನ್ನು ಶಿಲೀಂಧ್ರದ ಮುಖ ಮೇಲಾಗುವಂತೆ, ಅಗರ್ ಮುಖ ಬ್ಯಾಕ್ಟೀರಿಯಾಕ್ಕೆ ತಾಗುವಂತೆ ಇಡಿ. ಚಿಮಟಿಗೆಯಿಂದ ಮೆಲ್ಲಗೆ ಒತ್ತಿ, ಅಡಿಯಲ್ಲಿ ಗಾಳಿಗುಳ್ಳೆ ಉಳಿದರೆ ಉಂಗುರ ಒಂದು ಕಡೆ ಚಪ್ಪಟೆಯಾಗುತ್ತದೆ. ಅದೇ ಪ್ಲೇಟಿನಲ್ಲಿ 10 ಯೂನಿಟ್ ಪೆನಿಸಿಲಿನ್ ಡಿಸ್ಕ್ ಒಂದು, ಶಿಲೀಂಧ್ರ ಹಾಕದೆ ಅಷ್ಟೇ ದಿನ 28 ಡಿಗ್ರಿಯಲ್ಲಿಟ್ಟ ಮಾಧ್ಯಮದ ತುಂಡು ಒಂದು ಇರಲಿ. ಡಿಸ್ಕಿನ ಉಂಗುರ ದೊಡ್ಡದು, ಅದನ್ನು ಉಳಿದವುಗಳಿಂದ ದೂರದ ಅಂಚಿಗೆ ತಳ್ಳಿ. 25923ರ ಮೇಲೆ ಆ ಡಿಸ್ಕ್ 26ರಿಂದ 37 ಮಿ.ಮೀ. ಕೊಡಬೇಕು, ಇಲ್ಲದಿದ್ದರೆ ಆ ದಿನದ ಪ್ಲೇಟುಗಳೆಲ್ಲ ಲೆಕ್ಕಕ್ಕಿಲ್ಲ.

ಪ್ಲೇಟನ್ನು 4 ಡಿಗ್ರಿ ಫ್ರಿಜ್ಜಿನಲ್ಲಿ 3 ಗಂಟೆ ಇಡಿ. ಬ್ಯಾಕ್ಟೀರಿಯಾ ಮಲಗಿರುವಾಗ ವಸ್ತು ಹರಿಯುತ್ತದೆ, ಸಣ್ಣ ಪ್ರಮಾಣವೂ ಕಣ್ಣಿಗೆ ಬೀಳುತ್ತದೆ. ಆಮೇಲೆ 35 ಡಿಗ್ರಿಯಲ್ಲಿ 18ರಿಂದ 24 ಗಂಟೆ. ಉಂಗುರದ ವ್ಯಾಸವನ್ನು ತುಂಡನ್ನೂ ಸೇರಿಸಿ ಕ್ಯಾಲಿಪರ್‌ನಿಂದ ಎರಡು ದಿಕ್ಕಿನಲ್ಲಿ ಅಳೆದು ಸರಾಸರಿ ಬರೆಯಿರಿ. 8 ಮಿ.ಮೀ.ಗಿಂತ ಕಡಿಮೆ ಇದ್ದುದನ್ನು ಉಂಗುರವೆಂದು ಎಣಿಸದಿರುವುದು ಕ್ಷೇಮ. ಅಂಚು ಚೂಪಾಗಿದೆಯೋ ಮಸುಕಾಗಿದೆಯೋ ಎಂಬುದನ್ನೂ ಬರೆಯಿರಿ. ಪಿಎಚ್‌ನಿಂದ ಬಂದ ಉಂಗುರ ಸಾಮಾನ್ಯವಾಗಿ ಮಸುಕು. ಅನುಮಾನ ಬಂದರೆ ಶಿಲೀಂಧ್ರವಿಲ್ಲದ ಮಾಧ್ಯಮವನ್ನು ಅಮೋನಿಯಾ ದ್ರಾವಣದಿಂದ ಅದೇ ಪಿಎಚ್‌ಗೆ ತಂದು ತುಂಡು ಮಾಡಿ ಪಕ್ಕದಲ್ಲಿಡಿ.

ಪೆನಿಸಿಲಿನೇಸ್: ತೀರ್ಪು ಕೊಡುವ ಹೆಜ್ಜೆ

ಪೆನಿಸಿಲಿನೇಸ್ ಕಿಣ್ವ ಪೆನಿಸಿಲಿನ್ ಅಣುವಿನ ಬೀಟಾ-ಲ್ಯಾಕ್ಟಮ್ ಉಂಗುರವನ್ನು ಒಡೆಯುತ್ತದೆ, ಬೇರೆ ಆಂಟಿಬಯಾಟಿಕ್‌ಗಳನ್ನು ಮುಟ್ಟುವುದಿಲ್ಲ. ಮಾರುಕಟ್ಟೆಯ ಕಿಣ್ವದ ಯೂನಿಟ್ ಲೆಕ್ಕ ಒಂದು ಕಂಪನಿಯದು ಇನ್ನೊಂದಕ್ಕೆ ಹೊಂದುವುದಿಲ್ಲ, ಆದ್ದರಿಂದ ಲೇಬಲ್ ನಂಬದೆ ನೀವೇ ಪರೀಕ್ಷಿಸಿ. ಮಿ.ಲೀ.ಗೆ 10 ಯೂನಿಟ್ ಪೆನಿಸಿಲಿನ್ ಇರುವ 0.9 ಮಿ.ಲೀ. ದ್ರಾವಣಕ್ಕೆ 0.1 ಮಿ.ಲೀ. ಕಿಣ್ವ ಬೆರೆಸಿ 37 ಡಿಗ್ರಿಯಲ್ಲಿ 30 ನಿಮಿಷ ಇಡಿ. ಕೊಕುರಿಯಾ ಮೇಲೆ ಉಂಗುರ ಪೂರ್ತಿ ಮಾಯವಾದರೆ ಆ ಸಾಂದ್ರತೆ ಸಾಕು.

ಪ್ಲೇಟಿನ ಮೇಲೆ ಮಾಡುವ ಸರಳ ರೂಪ ಹೀಗೆ. ಬ್ಯಾಕ್ಟೀರಿಯಾ ಬಳಿದ ಮೇಲೆ, ತುಂಡು ಇಡುವ ಜಾಗದಿಂದ 5 ಮಿ.ಮೀ. ದೂರದಲ್ಲಿ 10 ಮೈಕ್ರೊಲೀಟರ್ ಕಿಣ್ವದ ಹನಿ ಹಾಕಿ ಆರಿಸಿ, ಇನ್ನೊಂದು ಬದಿಗೆ ಬರಿ ಬಫರ್ ಹನಿ. ಪೆನಿಸಿಲಿನ್ ಆಗಿದ್ದರೆ ಕಿಣ್ವದ ಕಡೆ ಉಂಗುರ ಒಳಕ್ಕೆ ತಗ್ಗಿರುತ್ತದೆ, ಬಫರ್ ಕಡೆ ದುಂಡಾಗೇ ಇರುತ್ತದೆ. ಹೋಲಿಕೆಗೆ ಕಿಣ್ವವನ್ನು ಕುದಿಸಿ ‘ಸತ್ತ ಕಿಣ್ವ’ ಎಂದು ಬಳಸುವವರಿದ್ದಾರೆ. ಬ್ಯಾಸಿಲಸ್ ಸೀರಿಯಸ್‌ನಿಂದ ಬಂದ ಕಿಣ್ವಗಳಲ್ಲಿ ಒಂದು ಬಿಸಿಗೆ ಬಗ್ಗದ ಜಾತಿ, ಅದಕ್ಕೇ ಬಫರ್ ಬಳಸುವುದು ಲೇಸು.

ಉಂಗುರ ಕಿಣ್ವಕ್ಕೆ ಬಗ್ಗದಿದ್ದರೆ ಕೆಲಸ ವ್ಯರ್ಥವಾಯಿತು ಎಂದುಕೊಳ್ಳಬೇಡಿ. ಈ ಶಿಲೀಂಧ್ರಗಳಿಂದ ಫ್ಯೂಸಿಡಿಕ್ ಆಮ್ಲದ ಕುಟುಂಬದ ವಸ್ತುಗಳೂ ಸಿಕ್ಕಿವೆ, ಅವೂ ಮುಖ್ಯವಾಗಿ ಗ್ರಾಂ-ಪಾಸಿಟಿವ್ ಬ್ಯಾಕ್ಟೀರಿಯಾವನ್ನೇ ತಡೆಯುತ್ತವೆ. ಫ್ಯೂಸಿಡಿಕ್ ಆಮ್ಲಕ್ಕೆ ಪ್ರತಿರೋಧ ಇರುವ ಸ್ಟ್ಯಾಫಿಲೊಕಾಕಸ್ ನಿಮ್ಮ ಸಂಗ್ರಹದಲ್ಲಿದ್ದರೆ ಅದರ ಮೇಲೂ ತುಂಡು ಇಟ್ಟು ನೋಡಿ. ಸೂಕ್ಷ್ಮ ತಳಿಯ ಮೇಲೆ ಉಂಗುರ ಬಂದು ಪ್ರತಿರೋಧಿಯ ಮೇಲೆ ಬರದಿದ್ದರೆ ಒಳ್ಳೆಯ ಸುಳಿವು. ಟ್ರೈಕೋಫೈಟಾನ್‌ಗಳ ಕೆಂಪು-ಹಳದಿ ಬಣ್ಣದಲ್ಲಿ ಬರುವ ಕ್ಸಾಂಥೊಮೆಗ್ನಿನ್‌ನಂಥ ವರ್ಣವಸ್ತುಗಳನ್ನೂ ಪಟ್ಟಿಯಲ್ಲಿಡಿ.

ಎಷ್ಟಿದೆ ಎಂದು ಅಳೆಯುವುದು

ಇದಕ್ಕೆ ದ್ರವ ಮಾಧ್ಯಮ ಬೇಕು: ಅದೇ ಸೂತ್ರ, ಅಗರ್ ಇಲ್ಲದೆ, 250 ಮಿ.ಲೀ. ಫ್ಲಾಸ್ಕಿನಲ್ಲಿ 50 ಮಿ.ಲೀ. ದಿನದ ಮಾದರಿಯನ್ನು 4000 ಜಿ ವೇಗದಲ್ಲಿ 10 ನಿಮಿಷ ತಿರುಗಿಸಿ, ಮೊದಲು 0.45, ಆಮೇಲೆ 0.22 ಮೈಕ್ರಾನ್ ಫಿಲ್ಟರಿನಿಂದ ಸೋಸಿ. ನೇರ 0.22ಕ್ಕೆ ಹಾಕಿದರೆ ಲೋಳೆಯಿಂದ ಎರಡೇ ನಿಮಿಷದಲ್ಲಿ ಕಟ್ಟಿಕೊಳ್ಳುತ್ತದೆ. ಪಿಎಚ್ ಅಳೆದು 6.5ಕ್ಕೆ ತಂದು ಅದೇ ದಿನ ಪರೀಕ್ಷಿಸಿ, ಆಗದಿದ್ದರೆ ಮೈನಸ್ 70 ಡಿಗ್ರಿಯಲ್ಲಿಡಿ.

ಹೋಲಿಕೆಯ ಪ್ರಮಾಣದ ಸಾಲಿಗೆ (ಸಾಂದ್ರತೆ ಗೊತ್ತಿರುವ ದ್ರಾವಣಗಳಿಗೆ) 10 ಲಕ್ಷ ಯೂನಿಟ್‌ನ ಬೆಂಜೈಲ್‌ಪೆನಿಸಿಲಿನ್ ಇಂಜೆಕ್ಷನ್ ಬಾಟಲಿ ಕಲಿಕೆಗೆ ಸಾಕು, ಪ್ರಕಟಣೆಗಾದರೆ ರೆಫರೆನ್ಸ್ ಸ್ಟ್ಯಾಂಡರ್ಡ್ ತರಿಸಿ. 10 ಮಿ.ಲೀ. ಪಿಎಚ್ 6.0 ಫಾಸ್ಫೇಟ್ ಬಫರಿನಲ್ಲಿ ಕರಗಿಸಿದರೆ ಮಿ.ಲೀ.ಗೆ 1 ಲಕ್ಷ ಯೂನಿಟ್. ಅದರ 0.1 ಮಿ.ಲೀ. ಅನ್ನು 100 ಮಿ.ಲೀ.ಗೆ ಏರಿಸಿದರೆ 100 ಯೂನಿಟ್, ಇದರ 4 ಮಿ.ಲೀ. ಅನ್ನು 100ಕ್ಕೆ ಏರಿಸಿದರೆ 4 ಯೂನಿಟ್. ಅಲ್ಲಿಂದ ಅರ್ಧರ್ಧ ಮಾಡುತ್ತ 2, 1, 0.5, 0.25ಕ್ಕೆ ಇಳಿಯಿರಿ. 1 ಯೂನಿಟ್ ಎಂದರೆ 0.6 ಮೈಕ್ರೊಗ್ರಾಂ ಪೆನಿಸಿಲಿನ್ ಜಿ ಸೋಡಿಯಂ. ಕೊಕುರಿಯಾ ಬಳಿದ ಪ್ಲೇಟಿನಲ್ಲಿ 8 ಮಿ.ಮೀ. ಬಾವಿ ತೋಡಿ ಪ್ರತಿಯೊಂದಕ್ಕೂ 100 ಮೈಕ್ರೊಲೀಟರ್ ಹಾಕಿ, ಪ್ರತಿ ಪ್ಲೇಟಿನಲ್ಲೂ 1 ಯೂನಿಟ್ ಬಾವಿ ಇರಲಿ. ವ್ಯಾಸವನ್ನು ಸಾಂದ್ರತೆಯ ಲಾಗ್‌ಗೆ ಎದುರಾಗಿ ಗುರುತಿಸಿದರೆ ನೇರ ಗೆರೆ ಬರುತ್ತದೆ. ಮಾದರಿಯ ಉಂಗುರ ಗೆರೆಯ ಆಚೆ ಬಿದ್ದರೆ ಗೆರೆ ಎಳೆದು ಉದ್ದ ಮಾಡಬೇಡಿ, ಮಾದರಿಯನ್ನು ತೆಳ್ಳಗೆ ಮಾಡಿ ಮತ್ತೆ ಹಾಕಿ.

ದ್ರಾವಕದಿಂದ ಹಿಂಡಿ ತೆಗೆಯುವಾಗ

ಪ್ರಮಾಣ ತೀರಾ ಕಡಿಮೆಯಿದ್ದರೆ, ಅಥವಾ ಮಾಸ್ ಸ್ಪೆಕ್ಟ್ರೊಮೀಟರಿಗೆ ಕಳಿಸಬೇಕಿದ್ದರೆ ಸಾಂದ್ರಗೊಳಿಸಬೇಕು. ಪೆನಿಸಿಲಿನ್ ಜಿ ಹುಳಿಯಲ್ಲಿ ದ್ರಾವಕಕ್ಕೆ ಏರುತ್ತದೆ, ತಟಸ್ಥ ಬಫರಿಗೆ ಮರಳುತ್ತದೆ. ಆದರೆ ಅದೇ ಹುಳಿ ಅದನ್ನು ಕೊಲ್ಲುತ್ತದೆ. ಪಿಎಚ್ 2ರಲ್ಲಿ ಕೋಣೆಯ ಉಷ್ಣತೆಯಲ್ಲಿ ಅರ್ಧ ಭಾಗ ನಾಶವಾಗಲು 20 ನಿಮಿಷದಷ್ಟೇ ಸಾಕು. ಹಾಗಾಗಿ ಎಲ್ಲವೂ ಮಂಜುಗಡ್ಡೆಯಲ್ಲಿ, ಎಲ್ಲವೂ ಮೊದಲೇ ಅಳೆದಿಟ್ಟುಕೊಂಡು.

100 ಮಿ.ಲೀ. ಸೋಸಿದ ದ್ರವ, 50 ಮಿ.ಲೀ. ಈಥೈಲ್ ಅಸಿಟೇಟ್, ಸೆಪರೇಟಿಂಗ್ ಫನೆಲ್ ಎಲ್ಲವೂ 4 ಡಿಗ್ರಿಗೆ ತಣ್ಣಗಿರಲಿ. ತಣ್ಣನೆಯ ಫಾಸ್ಫಾರಿಕ್ ಆಮ್ಲ ಹನಿಸಿ ಪಿಎಚ್ 2.2ಕ್ಕೆ ತಂದ ಕೂಡಲೇ ದ್ರಾವಕ ಸುರಿದು 1 ನಿಮಿಷ ಕುಲುಕಿ, ಪದರ ಬೇರ್ಪಟ್ಟ ತಕ್ಷಣ ಮೇಲಿನದನ್ನು 10 ಮಿ.ಲೀ. 0.1 ಮೋಲಾರ್ ಪಿಎಚ್ 7.0 ಫಾಸ್ಫೇಟ್ ಬಫರಿನೊಂದಿಗೆ ಕುಲುಕಿ. ಬಫರಿನ ಪಿಎಚ್ ಮತ್ತೆ ಅಳೆಯಿರಿ, ಜೊತೆಗೆ ಬಂದ ಆಮ್ಲದಿಂದ 5ಕ್ಕೆ ಇಳಿದಿದ್ದರೆ ಪೆನಿಸಿಲಿನ್ ದ್ರಾವಕದಲ್ಲೇ ಉಳಿದುಬಿಡುತ್ತದೆ. ಬೈಕಾರ್ಬನೇಟ್ ಸೇರಿಸಿ 7ಕ್ಕೆ ತನ್ನಿ. ಬಫರಿನಲ್ಲಿ ಕರಗಿದ ಈಥೈಲ್ ಅಸಿಟೇಟ್ ಬ್ಯಾಕ್ಟೀರಿಯಾಕ್ಕೆ ವಿಷ, ಅದನ್ನು ನೈಟ್ರೊಜನ್ ಊದಿ ಅಥವಾ ನಿರ್ವಾತದಲ್ಲಿ ತೆಗೆಯಿರಿ.

ಫೀನೈಲ್ ಅಸಿಟಿಕ್ ಆಮ್ಲವೂ ಇದೇ ದಾರಿಯಲ್ಲಿ ಬಂದು ಹತ್ತು ಪಟ್ಟು ಸಾಂದ್ರವಾಗುತ್ತದೆ. ಅದನ್ನು ಬೆರೆಸಿದ ಖಾಲಿ ಮಾಧ್ಯಮವನ್ನೂ ಹೀಗೇ ಹಿಂಡಿ ಪಕ್ಕದ ಬಾವಿಗೆ ಹಾಕದಿದ್ದರೆ ಫಲಿತಾಂಶಕ್ಕೆ ಬೆಲೆಯಿಲ್ಲ. 6-ಅಮೈನೊಪೆನಿಸಿಲಾನಿಕ್ ಆಮ್ಲ ಮಾತ್ರ ಈ ವಿಧಾನಕ್ಕೆ ಸಿಗುವುದಿಲ್ಲ, ನೀರಿನ ಪದರದಲ್ಲೇ ಉಳಿಯುತ್ತದೆ. ಮಾಸ್ ಸ್ಪೆಕ್ಟ್ರೊಮೀಟರಿನಲ್ಲಿ ಪೆನಿಸಿಲಿನ್ ಜಿ ಧನ ವಿಧಾನದಲ್ಲಿ m/z (ರಾಶಿ ಮತ್ತು ವಿದ್ಯುದಾವೇಶದ ಅನುಪಾತ) 335ರಲ್ಲಿ ಕಾಣುತ್ತದೆ, ಅದೇ ದಿನ ಶುದ್ಧ ಪೆನಿಸಿಲಿನ್ ಹಾಯಿಸಿ ಹೊರಬರುವ ಸಮಯವನ್ನೂ ಹೊಂದಿಸಿ ನೋಡಿ.

ಅದೇ ಗಾಯದ ಬ್ಯಾಕ್ಟೀರಿಯಾ

ಪೆನಿಸಿಲಿನ್ ಮಾಡುವ ತಳಿ ಸಿಕ್ಕಾಗ ಅದೇ ರೋಗಿಯ ಅದೇ ಜಾಗದ ಸ್ಟ್ಯಾಫಿಲೊಕಾಕಸ್ ಕೂಡ ಕೈಯಲ್ಲಿದ್ದರೆ ನಿಜವಾದ ಪ್ರಶ್ನೆಗೆ ಬಾಗಿಲು ತೆರೆಯುತ್ತದೆ. ಕಾಲ್ಬೆರಳ ಸಂದಿನಂಥ ಒದ್ದೆ ಜಾಗದಲ್ಲಿ ಎರಡೂ ಒಟ್ಟಿಗೆ ಬಾಳುತ್ತವೆ, ಪೆನಿಸಿಲಿನ್‌ಗೆ ಮಣಿಯುವ ಬ್ಯಾಕ್ಟೀರಿಯಾ ಅಲ್ಲಿ ಉಳಿಯುವುದು ಕಷ್ಟ. ಆದ್ದರಿಂದ ಸಿಪ್ಪೆ ಕೆರೆಯುವ ಮೊದಲೇ ಗಾಯಕ್ಕೊಂದು ಸ್ವಾಬ್, ಅದೇ ರೋಗಿಯ ಆರೋಗ್ಯವಾದ ಚರ್ಮಕ್ಕೊಂದು ಸ್ವಾಬ್ ತೆಗೆಯಿರಿ. ಸ್ಪಿರಿಟ್ ಒರೆಸಿದ ಮೇಲೆ ತೆಗೆದರೆ ಏನೂ ಬೆಳೆಯದು. ಕಳೆದ ತಿಂಗಳಲ್ಲಿ ಯಾವ ಆಂಟಿಬಯಾಟಿಕ್, ಯಾವ ಮುಲಾಮು ಬಳಸಿದ್ದಾರೆಂದು ಕೇಳಿ ಬರೆದುಕೊಳ್ಳಿ. ಅಂಗಡಿಯಲ್ಲಿ ಸಿಗುವ ಮಿಶ್ರ ಮುಲಾಮುಗಳಲ್ಲಿ ಸ್ಟಿರಾಯ್ಡ್ ಜೊತೆ ಆಂಟಿಬಯಾಟಿಕ್ ಕೂಡ ಇರುವುದುಂಟು. ಪ್ರತಿರೋಧ ಶಿಲೀಂಧ್ರದಿಂದ ಬಂದಿತೋ ಮುಲಾಮಿನಿಂದ ಬಂದಿತೋ ಎಂದು ಆ ವಿವರವಿಲ್ಲದೆ ಹೇಳಲಾಗದು.

ಆ ಸ್ಟ್ಯಾಫಿಲೊಕಾಕಸ್‌ಗೆ ನೈಟ್ರೊಸೆಫಿನ್ (ಬೀಟಾ-ಲ್ಯಾಕ್ಟಮೇಸ್ ಇದ್ದರೆ ಬಣ್ಣ ಬದಲಿಸುವ ವಸ್ತು) ಡಿಸ್ಕ್ ಪರೀಕ್ಷೆ ಮಾಡಿ, ಜೊತೆಗೆ 10 ಯೂನಿಟ್ ಪೆನಿಸಿಲಿನ್ ಡಿಸ್ಕಿನ ಉಂಗುರದ ಅಂಚು ನೋಡಿ. ಕಡಿದಾದ, ಚೂರಿಯಿಂದ ಕೊಯ್ದಂಥ ಅಂಚಿದ್ದರೆ ವ್ಯಾಸ ದೊಡ್ಡದಿದ್ದರೂ ಬೀಟಾ-ಲ್ಯಾಕ್ಟಮೇಸ್ ಇದೆ ಎಂದೇ ಅರ್ಥ. ಕೊನೆಯಲ್ಲಿ ಶಿಲೀಂಧ್ರದ ತುಂಡನ್ನು ಅದರದೇ ಜೊತೆಗಾರ ಬ್ಯಾಕ್ಟೀರಿಯಾದ ಮೇಲೂ ಇಡಿ, 25923ರ ಮೇಲೆ ಬಂದ ಉಂಗುರ ಇಲ್ಲಿಯೂ ಬರುತ್ತದೆಯೇ ಎಂದು ನೋಡಿ.

ಶಿಲೀಂಧ್ರವನ್ನು ಪದೇ ಪದೇ ಮರುಬೆಳೆಸಿದರೆ ಪುಡಿ ಕಾಲನಿ ಹತ್ತಿಯಂತೆ ಬೆಳ್ಳಗಾಗಿ ಕೊನಿಡಿಯಾ ಕಳೆದುಕೊಳ್ಳುತ್ತದೆ. ಆಂಟಿಬಯಾಟಿಕ್ ಮಾಡುವ ಗುಣವೂ ಆಗ ಮೊದಲಿನಂತೆಯೇ ಉಳಿದಿದೆ ಎಂದು ನಂಬುವಂತಿಲ್ಲ. ಉಂಗುರ ಸಿಕ್ಕ ದಿನವೇ ಕೊನಿಡಿಯಾವನ್ನು 20 ಪ್ರತಿಶತ ಗ್ಲಿಸರಾಲ್‌ನಲ್ಲಿ ಐದಾರು ಬಾಟಲಿ ಮಾಡಿ ಮೈನಸ್ 70 ಡಿಗ್ರಿಗೆ ಸೇರಿಸಿ, ಬಾಟಲಿಯ ಮೇಲೆ ಎಷ್ಟನೇ ಮರುಬೆಳೆ ಎಂದು ಬರೆಯಿರಿ. ಉಳಿದ ಪ್ಲೇಟುಗಳನ್ನು ಮುಚ್ಚಳ ತೆರೆಯದೆ ಚೀಲಕ್ಕೆ ಹಾಕಿ 121 ಡಿಗ್ರಿಯಲ್ಲಿ 30 ನಿಮಿಷ ಆಟೋಕ್ಲೇವ್ ಮಾಡಿದ ಮೇಲೆಯೇ ಹೊರಗೆ ಕಳಿಸಿ.